ಸಿಡಿಲಿನ ಹೊತ್ತಿನಲ್ಲಿ

ಏಪ್ರಿಲ್, ಮೇ ತಿಂಗಳುಗಳ ಅಪರಾಹ್ನ ಮೋಡ ಕವಿದು ಗಾಳಿ ಬೀಸಿತೆಂದರೆ ಮಕ್ಕಳು ಮಾವಿನ ಮರದಡಿಗೆ ಓಡುವುದು ಸಹಜ. ಆದರೆ ಸಿಡಿಲಿಗೂ ಎತ್ತರದ ಮರವೇ ಪ್ರಿಯ.

ಕಾದ ನೆಲದಿಂದ ಮೇಲೇರಿದ ತೇವದ ಗಾಳಿಯೇ 10 ಕಿಲೋಮೀಟರಿಗೂ ಎತ್ತರದ ಕಾರ್ಮುಗಿಲಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯು ಮುಂದಿನ 3 ಗಂಟೆಗಳ ಗುಡುಗು-ಮಳೆಯ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಪುಣೆಯ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಸುಳಿವನ್ನು ಮೊಬೈಲಿಗೇ ಮುಟ್ಟಿಸುತ್ತದೆ. ಆದರೂ ಅದು ಯಾವ ಮರಕ್ಕೆ ಎರಗೀತೆಂದು ಯಾರೂ ಹೇಳಲಾರರು.

ಮಿಂಚಿದ 3 ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು 1 ಕಿಲೋಮೀಟರು ದೂರದಲ್ಲಿದೆ ಎಂದರ್ಥ. ಗುಡುಗು ಕೇಳಿದೊಡನೆ ಮನೆ ಸೇರಬೇಕು; ನಲ್ಲಿ, ವಿದ್ಯುತ್ ಉಪಕರಣಗಳನ್ನು ಮುಟ್ಟಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿಯದು; ಅವರನ್ನು ನಿರ್ಭಯವಾಗಿ ಮುಟ್ಟಿ ಉಪಚರಿಸಬಹುದು. ಕೊನೆಯ ಗುಡುಗಿನ ಬಳಿಕ 30 ನಿಮಿಷ ತಾಳಿ ಹೊರಟರೂ ಉದುರಿದ ಕಾಯಿ ಅಲ್ಲಿಯೇ ಇರುತ್ತದೆ.