87 ದಿನ ಚಿಕ್ಕವಳು



ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮ ನೆನಪಿದೆಯಾ? ಡೊಂಬಿವಲಿಯಿಂದ ಒಬ್ಬ ತಾಯಿ ಕರೆ ಮಾಡಿದ್ದರು. ಮಗಳು ಓಟದಲ್ಲಿ ಶಾಲೆಗೇ ಮೊದಲು. ಆದರೆ ಹುಟ್ಟಿದ ತಾರೀಖು ಕೇವಲ ಹನ್ನೊಂದು ದಿನ ಹಿಂದೆ ಬಿದ್ದು, 14ರೊಳಗಿನ ಗುಂಪಿನಿಂದ ಹೆಸರು ಹೊರಗೆ! "ಓಡೋದು ಕಾಲು ತಾನೇ ಮೇಡಂ, ಕ್ಯಾಲೆಂಡರ್ ಅಲ್ವಲ್ಲ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ ಹಾಡು ಹಾಕಿ ಮುಂದಕ್ಕೆ ಹೋಗಿಬಿಟ್ಟೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಮನೆಗೆ ಬಂತು. ಆಗ ನೆನಪಾದವಳು ಜಪಾನಿನ ಮಾವೊ ಅಸಾಡ.

ಮಾವೊ ಹುಟ್ಟಿದ್ದು 1990ರ ಸೆಪ್ಟೆಂಬರ್ 25ರಂದು, ನಗೋಯಾ ನಗರದಲ್ಲಿ. ಅಕ್ಕ ಮಾಯ್ ಜೊತೆಗೆ ಐದನೇ ವಯಸ್ಸಿಗೇ ಮಂಜುಗಡ್ಡೆಯ ಅಂಗಳಕ್ಕೆ ಇಳಿದಳು. ಫಿಗರ್ ಸ್ಕೇಟಿಂಗ್ ಅಂದರೆ ಗೊತ್ತಲ್ಲ? ಕಾಲಿಗೆ ಹರಿತವಾದ ಬ್ಲೇಡಿನ ಬೂಟು ಕಟ್ಟಿಕೊಂಡು, ಸಂಗೀತಕ್ಕೆ ತಕ್ಕಂತೆ ಜಾರುತ್ತಾ, ಜಿಗಿಯುತ್ತಾ, ಬುಗುರಿಯ ಹಾಗೆ ತಿರುಗುವ ಆಟ. ಅರ್ಧ ನೃತ್ಯ, ಅರ್ಧ ಸರ್ಕಸ್ ಅನ್ನಿ.

ನಗೋಯಾ ಈ ಆಟಕ್ಕೆ ತವರುಮನೆ ಇದ್ದ ಹಾಗೆ. 1988ರಲ್ಲಿ ಸ್ಪರ್ಧೆಯೊಂದರಲ್ಲಿ 'ಟ್ರಿಪಲ್ ಆಕ್ಸೆಲ್' ಜಿಗಿತವನ್ನು ಪೂರೈಸಿದ ಜಗತ್ತಿನ ಮೊದಲ ಮಹಿಳೆ ಮಿದೋರಿ ಇತೊ ಇದೇ ಊರಿನವರು. ಅವರನ್ನು ಬೆಳೆಸಿದ ಮಚಿಕೊ ಯಮಾದ ಅವರೇ ಮುಂದೆ ಮಾವೊಗೂ ಗುರುವಾದರು.

ಈ ಆಕ್ಸೆಲ್ ಏಕೆ ಅಷ್ಟು ಕಷ್ಟ? ಉಳಿದೆಲ್ಲ ಜಿಗಿತಗಳಲ್ಲಿ ಹಿಮ್ಮುಖವಾಗಿ ಜಾರುತ್ತಾ ಬಂದು ಮೇಲೆ ನೆಗೆಯುತ್ತಾರೆ. ಆಕ್ಸೆಲ್‌ನಲ್ಲಿ ಮಾತ್ರ ಮುಮ್ಮುಖವಾಗಿ ನೆಗೆದು, ಹಿಮ್ಮುಖವಾಗಿ ಇಳಿಯಬೇಕು. ಹಾಗಾಗಿ ಅರ್ಧ ಸುತ್ತು ಹೆಚ್ಚು. ಟ್ರಿಪಲ್ ಅಂದರೆ ಮೂರಲ್ಲ, ಮೂರೂವರೆ ಸುತ್ತು. ಅದೂ ಒಂದು ಸೆಕೆಂಡು ತುಂಬುವುದರೊಳಗೆ! ಕೊನೆಗೆ ಒಂದೇ ಕಾಲಿನ ತೆಳ್ಳನೆಯ ಬ್ಲೇಡಿನ ಮೇಲೆ ಇಳಿಯಬೇಕು.

2004ರ ಡಿಸೆಂಬರ್‌ನಲ್ಲಿ ಜೂನಿಯರ್ ಗ್ರಾಂಡ್ ಪ್ರಿ ಫೈನಲ್‌ನಲ್ಲಿ 14ರ ಮಾವೊ ಇದನ್ನು ಮಾಡಿ ತೋರಿಸಿದಳು, ಚಿನ್ನವನ್ನೂ ಗೆದ್ದಳು. 2005ರ ವಸಂತದಲ್ಲಿ ವಿಶ್ವ ಜೂನಿಯರ್ ಪಟ್ಟವೂ ಅವಳದೇ ಆಯಿತು. ಅದೇ ವರ್ಷ ಹಿರಿಯರ ಸಾಲಿಗೆ ಬಂದಳು. ಚೀನಾದಲ್ಲಿ ಬೆಳ್ಳಿ, ಪ್ಯಾರಿಸ್ಸಿನಲ್ಲಿ ಚಿನ್ನ. ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದ ಗ್ರಾಂಡ್ ಪ್ರಿ ಫೈನಲ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್, ರಷ್ಯಾದ ಇರಿನಾ ಸ್ಲುಟ್ಸ್ಕಾಯಾ ಅವರನ್ನೇ ಸೋಲಿಸಿದಳು. ಎರಡೇ ತಿಂಗಳಲ್ಲಿ ಇಟಲಿಯ ಟುರಿನ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್. ಜಪಾನಿನ ಕಣ್ಣೆಲ್ಲ ಈ ಹುಡುಗಿಯ ಮೇಲೆ.

ಆದರೆ ಅವಳು ಹೋಗುವ ಹಾಗಿರಲಿಲ್ಲ!

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮ ಹೀಗಿತ್ತು: ಒಲಿಂಪಿಕ್ಸ್‌ಗೆ ಮತ್ತು ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಬೇಕಾದರೆ ಅದರ ಹಿಂದಿನ ಜುಲೈ 1ಕ್ಕೆ ಮುಂಚೆಯೇ 15 ವರ್ಷ ತುಂಬಿರಬೇಕು. ಮಾವೊಗೆ 87 ದಿನ ಕಡಿಮೆ. ತಮಾಷೆ ನೋಡಿ, ಗ್ರಾಂಡ್ ಪ್ರಿಗೆ 14 ತುಂಬಿದ್ದರೆ ಸಾಕಿತ್ತು. ಅಂದರೆ ವಿಶ್ವ ಚಾಂಪಿಯನ್ನನ್ನು ಸೋಲಿಸುವಷ್ಟು ದೊಡ್ಡವಳು, ಅದೇ ಚಾಂಪಿಯನ್ ಜೊತೆ ಒಲಿಂಪಿಕ್ಸ್‌ನಲ್ಲಿ ಆಡಲು ಚಿಕ್ಕವಳು! ಅವಳಿಗಿಂತ 20 ದಿನ ದೊಡ್ಡವಳಾದ ಕೊರಿಯಾದ ಕಿಮ್ ಯುನಾ ಕೂಡ ಇದೇ ಲೆಕ್ಕದಲ್ಲಿ ಹೊರಗುಳಿದಳು. ಟುರಿನ್‌ನಲ್ಲಿ ಚಿನ್ನ ಗೆದ್ದವರು ಜಪಾನಿನವರೇ ಆದ ಶಿಜುಕಾ ಅರಕಾವಾ. ಜಪಾನ್ ಸಂಭ್ರಮಿಸಿತು. ಮಾವೊ ಜೂನಿಯರ್ ವಿಶ್ವ ಸ್ಪರ್ಧೆಗೆ ವಾಪಸ್ ಹೋಗಿ, ಕಿಮ್‌ಗೆ ಸೋತು ಎರಡನೆಯವಳಾದಳು.

ಹಾಗಾದರೆ ನಿಯಮವೇ ತಪ್ಪಾ? ಅಷ್ಟು ಸುಲಭವಾಗಿ ಹೇಳಲಾಗದು. ಪುಟ್ಟ, ಹಗುರ ಮೈ ಗಾಳಿಯಲ್ಲಿ ಬೇಗ ತಿರುಗುತ್ತದೆ. ಅದಕ್ಕೇ ಈ ಆಟದಲ್ಲಿ ಎಳೆಯರಿಗೆ ಅನುಕೂಲ ಹೆಚ್ಚು. ವಯಸ್ಸಿನ ಗೆರೆ ಇಲ್ಲದಿದ್ದರೆ ಹನ್ನೆರಡರ ಮಕ್ಕಳನ್ನೂ ಕಣಕ್ಕೆ ನೂಕುವ ದೊಡ್ಡವರಿಗೆ ಬರವಿಲ್ಲ. ಬೆಳೆಯುವ ಮೂಳೆ, ಎಳೆಯ ಮನಸ್ಸು ಎರಡಕ್ಕೂ ಒಂದು ಬೇಲಿ ಬೇಕು. ಆದರೆ ಬೇಲಿ ಎಲ್ಲಿ ಹಾಕಿದರೂ ಅದರ ಆಚೆ ತುದಿಯಲ್ಲಿ ಯಾರದೋ ಮಗಳು ನಿಂತಿರುತ್ತಾಳೆ.

ಮುಂದಿನ ಕಥೆ ಚುಟುಕಾಗಿ ಹೇಳುತ್ತೇನೆ. 2007ರಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್. ಮೊದಲ ಸುತ್ತಿನಲ್ಲಿ ಐದನೆಯವಳಾಗಿದ್ದ ಮಾವೊ, ಎರಡನೆಯ ಸುತ್ತನ್ನು ಗೆದ್ದು ಬೆಳ್ಳಿಗೆ ಏರಿದಳು. ಮಿಕಿ ಅಂದೊಗಿಂತ ಕೇವಲ 0.64 ಅಂಕ ಹಿಂದೆ! 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಆಕ್ಸೆಲ್‌ಗೆ ನೆಗೆಯುವ ಮೊದಲೇ ಜಾರಿ ಧೊಪ್ಪನೆ ಬಿದ್ದಳು. ಎದ್ದಳು, ಉಳಿದದ್ದನ್ನೆಲ್ಲ ಚೊಕ್ಕವಾಗಿ ಮುಗಿಸಿದಳು, 17ಕ್ಕೇ ವಿಶ್ವ ಚಾಂಪಿಯನ್ ಆದಳು. 2010 ಮತ್ತು 2014ರಲ್ಲಿ ಮತ್ತೆರಡು ಬಾರಿ ಆ ಪಟ್ಟ ಬಂತು.

ಒಲಿಂಪಿಕ್ಸ್ ಚಿನ್ನ ಮಾತ್ರ ಬರಲೇ ಇಲ್ಲ. 2010ರ ವ್ಯಾಂಕೂವರ್‌ನಲ್ಲಿ ಮೂರು ಟ್ರಿಪಲ್ ಆಕ್ಸೆಲ್ ಮಾಡಿದರೂ ಕಿಮ್ ಯುನಾ ಮುಂದೆ ಬೆಳ್ಳಿ. 2014ರ ಸೋಚಿಯಲ್ಲಿ ಮೊದಲ ದಿನ ಎಡವಿ 16ನೇ ಸ್ಥಾನ, ಮರುದಿನ ತನ್ನ ಬದುಕಿನ ಅತ್ಯುತ್ತಮ ಆಟ ಆಡಿ 6ನೇ ಸ್ಥಾನ. 2017ರ ಏಪ್ರಿಲ್‌ನಲ್ಲಿ ವಿದಾಯ ಹೇಳಿದಳು. ಆ 87 ದಿನ ಇಲ್ಲದಿದ್ದರೆ ಟುರಿನ್‌ನಲ್ಲಿ ಏನಾಗುತ್ತಿತ್ತೋ, ಯಾರೂ ಹೇಳಲಾರರು.

ಗೆರೆ ಈಗ ಇನ್ನೂ ಮೇಲಕ್ಕೆ ಹೋಗಿದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ 15ರ ಹುಡುಗಿಯೊಬ್ಬಳು ಉದ್ದೀಪನ ಮದ್ದಿನ ವಿವಾದದಲ್ಲಿ ಸಿಕ್ಕಿ ನಲುಗಿದ್ದನ್ನು ಜಗತ್ತೇ ನೋಡಿತು. ಅದೇ ವರ್ಷ ಒಕ್ಕೂಟ ವಯಸ್ಸನ್ನು ಹಂತಹಂತವಾಗಿ 17ಕ್ಕೆ ಏರಿಸುವ ತೀರ್ಮಾನ ಮಾಡಿತು. ಇದರಿಂದ 2026ರ ಮಿಲಾನ್ ಒಲಿಂಪಿಕ್ಸ್‌ಗೆ ಅರ್ಹತೆ ತಪ್ಪಿದ್ದು ಯಾರಿಗೆ ಗೊತ್ತಾ? 2023, 2024, 2025 ಮೂರೂ ವರ್ಷ ವಿಶ್ವ ಜೂನಿಯರ್ ಪಟ್ಟ ಗೆದ್ದ ಜಪಾನಿನ ಹುಡುಗಿಗೆ. ಅವಳಿಗೆ ನಾಲ್ಕು ತಿಂಗಳು ಸಾಲಲಿಲ್ಲ. ಅವಳ ಹೆಸರು ಮಾವೊ ಶಿಮಾದ. ಅಸಾಡ ಮೇಲಿನ ಅಭಿಮಾನಕ್ಕೆ ಅಪ್ಪ ಅಮ್ಮ ಇಟ್ಟ ಹೆಸರು!

ಡೊಂಬಿವಲಿಯ ಅಮ್ಮಾ, ಇದನ್ನು ಓದುತ್ತಿದ್ದರೆ ಕೇಳಿ. ಹೋದ ಅವಕಾಶ ಬಡ್ಡಿ ಸಮೇತ ವಾಪಸ್ ಬರುತ್ತದೆ ಅಂತ ನಾನು ಹೇಳಲಾರೆ, ಮಾವೊಗೂ ಬರಲಿಲ್ಲ. ಆದರೆ ತಾರೀಖು ಹೇಳುವುದು ಮಗಳು ಯಾವ ಸಾಲಿನಲ್ಲಿ ನಿಲ್ಲಬೇಕು ಅನ್ನುವುದನ್ನು ಮಾತ್ರ. ಎಷ್ಟು ಜೋರಾಗಿ ಓಡಬಲ್ಲಳು ಅನ್ನುವುದನ್ನಲ್ಲ. ದೊಡ್ಡ ಹುಡುಗಿಯರ ಸಾಲಿನಲ್ಲೇ ನಿಲ್ಲಿಸಿ. ಓಟ ಮುಗಿದ ಮೇಲೆ ಏನಾಯಿತು ಅಂತ ಮತ್ತೊಂದು ಫೋನ್ ಮಾಡಿ. ಈ ಸಲ ಹಾಡು ಹಾಕಿ ತಪ್ಪಿಸಿಕೊಳ್ಳುವುದಿಲ್ಲ, ಖಂಡಿತ!

ಮತ್ತೆ ಬಾನುಲಿಯಲ್ಲಿ ಸಿಗೋಣ.