ವಿಷುವದ ಹಬ್ಬ ಎಷ್ಟು ಹಳೆಯದು?

ಪ್ರತಿವರ್ಷ ಮಾರ್ಚ್ ಮೂರನೆಯ ವಾರ ಬಂತೆಂದರೆ ಮೊಬೈಲಿನಿಂದ ಮೊಬೈಲಿಗೆ ಒಂದು ಮಾತು ಹರಿದಾಡುತ್ತದೆ. ಕ್ರೈಸ್ತಪೂರ್ವ ದೇವತೆಗಳನ್ನು ಮತ್ತೆ ಪೂಜಿಸುವ ಪಶ್ಚಿಮದ ಪೇಗನ್ ಪಂಥದವರು ಮಾರ್ಚ್ 20ರ ಸುಮಾರಿಗೆ ‘ಒಸ್ಟಾರಾ’ ಎಂದು ಆಚರಿಸುವ ವಸಂತ ವಿಷುವದ ಹಬ್ಬ ಸಾವಿರಾರು ವರ್ಷಗಳಿಂದ ಕಡಿಯದೆ ಬಂದದ್ದಂತೆ. ನಮ್ಮ ಯುಗಾದಿ, ತುಳುನಾಡು ಮತ್ತು ಕಾಸರಗೋಡಿನ ಬಿಸು, ತಮಿಳರ ಪುತ್ತಾಂಡು ಎಲ್ಲವೂ ಅದೇ ಹಬ್ಬದ ಬೇರೆ ಬೇರೆ ವೇಷಗಳಂತೆ. ಚೆನ್ನೈನ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯ ಹೆಸರು ಕೇಳಿದವರಲ್ಲಿ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಹೊಸ ಪೇಗನ್ ಧರ್ಮ ಹುಟ್ಟಿದ್ದೇ ಅಲ್ಲಿನ ಆಲದ ಮರದ ನೆರಳಿನಲ್ಲಿ ಎನ್ನುವುದುಂಟು. ಈ ಮೂರೂ ಮಾತುಗಳಲ್ಲಿ ಸತ್ಯದ ಎಳೆಯೊಂದು ಇದೆ, ಅದಕ್ಕೇ ಅವು ಇಷ್ಟು ಸಲೀಸಾಗಿ ನಂಬಿಕೆ ಗಿಟ್ಟಿಸಿಕೊಳ್ಳುತ್ತವೆ. ಆದರೆ ದಾಖಲೆಗಳನ್ನೂ ಆಕಾಶವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರೂ ನಿಲ್ಲುವುದಿಲ್ಲ. ಪೇಗನ್ನರ ವಿಷುವದ ಹಬ್ಬ ಇಂದಿನ ರೂಪದಲ್ಲಿ ಇಪ್ಪತ್ತನೆಯ ಶತಮಾನದ್ದು, ನಮ್ಮ ಹಬ್ಬಗಳು ಬೇರೆಯೇ ಲೆಕ್ಕದವು.

ಹಬ್ಬದ ವಯಸ್ಸಿನಿಂದಲೇ ಶುರುಮಾಡೋಣ. ಇಂದಿನ ಪೇಗನ್ ಪಂಥಗಳಲ್ಲಿ ಹೆಚ್ಚು ಹೆಸರಾದದ್ದು ವಿಕ್ಕಾ. ಅದನ್ನು ಲೋಕಕ್ಕೆ ತೋರಿಸಿದವನು ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷಿನವನು. ಸಿಲೋನ್, ಬೋರ್ನಿಯೊ, ಮಲಯಗಳಲ್ಲಿ ದಶಕಗಳ ಕಾಲ ಕೆಲಸ ಮಾಡಿ ಊರಿಗೆ ಮರಳಿದ ಆತ 1954ರಲ್ಲಿ ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಪುಸ್ತಕ ಪ್ರಕಟಿಸಿದ. ಮೊದಮೊದಲು ಅವನ ಬಳಗಕ್ಕೆ ದೊಡ್ಡ ಹಬ್ಬಗಳೆಂದರೆ ನಾಲ್ಕೇ: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಆರಂಭದವು. ಐರ್ಲೆಂಡಿನ ಹಳೆಯ ಸಾಹಿತ್ಯ ಹೆಸರಿಸುವುದೂ ಈ ನಾಲ್ಕನ್ನೇ, ವಿಷುವ ಅದರಲ್ಲಿಲ್ಲ. ಎರಡು ವಿಷುವ, ಎರಡು ಅಯನಗಳಿಗೂ ಅಷ್ಟೇ ಮಾನ ಕೊಟ್ಟು ಎಂಟು ಹಬ್ಬಗಳ ‘ವರ್ಷಚಕ್ರ’ ಮಾಡಿಕೊಂಡದ್ದು 1950ರ ದಶಕದ ಕೊನೆಗೆ. ವಸಂತ ವಿಷುವಕ್ಕೆ ಒಸ್ಟಾರಾ ಎಂಬ ಹೆಸರಿಟ್ಟವನು ಕ್ಯಾಲಿಫೋರ್ನಿಯದ ಏಡನ್ ಕೆಲ್ಲಿ, 1974ರಲ್ಲಿ. ಎಂಟು ಹಬ್ಬಗಳ ಚಕ್ರವನ್ನು ಹೀಗೆ ಇಡಿಯಾಗಿ ಯಾವ ಪ್ರಾಚೀನ ಜನವೂ ಆಚರಿಸಿದ ಪುರಾವೆಯಿಲ್ಲ ಎಂಬುದನ್ನು ಬ್ರಿಟನ್ನಿನ ಇತಿಹಾಸಕಾರ ರೊನಾಲ್ಡ್ ಹಟನ್ ವಿಸ್ತಾರವಾಗಿ ತೋರಿಸಿದ್ದಾರೆ. ಅವರು ಪೇಗನ್ನರ ವೈರಿಯಲ್ಲ. ಅವರ ಪುಸ್ತಕಗಳನ್ನು ಶ್ರದ್ಧೆಯಿಂದ ಓದುವವರಲ್ಲಿ ಪೇಗನ್ನರೇ ಬಹಳ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕ್ರಿ.ಶ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸಂನ್ಯಾಸಿ ಕಾಲಗಣನೆಯ ಗ್ರಂಥ ಬರೆದಾಗ, ತನ್ನ ಜನ ಹಿಂದೆ ಎಯೋಸ್ಟ್ರೆ ಎಂಬ ದೇವತೆಗೆ ಹಬ್ಬ ಮಾಡುತ್ತಿದ್ದರು, ಒಂದು ತಿಂಗಳಿಗೆ ಅವಳ ಹೆಸರೇ ಇತ್ತು ಎಂದಿದ್ದಾನೆ. ಅದು ಅವನ ಕಲ್ಪನೆಯಿರಬಹುದು ಎಂದು ಹಿಂದೆ ಕೆಲವರು ತಳ್ಳಿಹಾಕುತ್ತಿದ್ದರು. 1958ರಲ್ಲಿ ಜರ್ಮನಿಯ ಮೋರ್ಕನ್-ಹಾರ್ಫ್ ಬಳಿ ರೋಮನ್ ಕಾಲದ ನೂರೈವತ್ತಕ್ಕೂ ಹೆಚ್ಚು ಹರಕೆಯ ಕಲ್ಲುಗಳು ಸಿಕ್ಕಿ, ಅವುಗಳ ಮೇಲೆ ಇದಕ್ಕೆ ಹತ್ತಿರದ ಹೆಸರಿನ ಮಾತೃದೇವತೆಯರು ಕಂಡಮೇಲೆ ಹಾಗೆ ತಳ್ಳುವುದು ಕಷ್ಟವಾಗಿದೆ. ನಮ್ಮ ಉಷಸ್ಸಿಗೂ ಎಯೋಸ್ಟ್ರೆಗೂ ಹೆಸರಿನ ನಂಟಿದೆ ಎಂದು ಭಾಷಾವಿಜ್ಞಾನಿಗಳು ಹೇಳುವುದನ್ನೂ ಒಪ್ಪೋಣ. ಆದರೆ ಬೀಡ್ ಹೇಳಿದ ತಿಂಗಳು ಸುಮಾರಾಗಿ ಏಪ್ರಿಲ್. ವಿಷುವದ ಸುದ್ದಿಯನ್ನೇ ಅವನು ಅಲ್ಲಿ ಎತ್ತುವುದಿಲ್ಲ, ಮೊಲವಾಗಲಿ ಬಣ್ಣದ ಮೊಟ್ಟೆಯಾಗಲಿ ಅವನ ಮಾತಿನಲ್ಲಿಲ್ಲ. ಜರ್ಮನ್ನರಲ್ಲಿಯೂ ಒಸ್ಟಾರಾ ಎಂಬ ದೇವತೆ ಇದ್ದಿರಬೇಕು ಎಂಬುದು ಯಾಕೋಬ್ ಗ್ರಿಮ್ 1835ರಲ್ಲಿ ಮಾಡಿದ ಊಹೆ. ಮೊಟ್ಟೆ ತರುವ ಮೊಲದ ಹಳೆಯ ದಾಖಲೆ 1682ರದ್ದು, ಅದೂ ಕ್ರೈಸ್ತರ ಈಸ್ಟರ್ ಹಬ್ಬದ ಸಂದರ್ಭದ್ದು. ದೇವತೆ ಹಳಬಳು ಎಂದ ಮಾತ್ರಕ್ಕೆ ಹಬ್ಬ ಹಳೆಯದಾಗುವುದಿಲ್ಲ. ಐರ್ಲೆಂಡಿನ ಲಾಕ್ರೂ ಬೆಟ್ಟದ ಐದು ಸಾವಿರ ವರ್ಷ ಹಿಂದಿನ ಸಮಾಧಿಯೊಳಕ್ಕೆ ವಿಷುವದ ಬೆಳಗಿನ ಬಿಸಿಲು ಬೀಳುವುದು ನಿಜ. ಅದನ್ನು ಕಟ್ಟಿದವರು ಸೂರ್ಯನನ್ನು ನೋಡುತ್ತಿದ್ದರು ಎಂದಷ್ಟೇ ಕಲ್ಲು ಹೇಳುತ್ತದೆ, ಏನು ಪೂಜೆ ಮಾಡುತ್ತಿದ್ದರು ಎಂದು ಹೇಳುವುದಿಲ್ಲ.

ಇನ್ನು ಅಡ್ಯಾರು. 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಥಿಯಾಸಫಿಕಲ್ ಸೊಸೈಟಿಯ ಮುಖ್ಯ ಕಚೇರಿಯನ್ನು ಅದರ ಸ್ಥಾಪಕರಾದ ಬ್ಲಾವಟ್ಸ್ಕಿ ಮತ್ತು ಕರ್ನಲ್ ಆಲ್ಕಾಟ್ 1882ರ ಡಿಸೆಂಬರಿನಲ್ಲಿ ಅಡ್ಯಾರ್ ನದಿಯ ದಡದ ಹಡಲ್‌ಸ್ಟನ್ ಗಾರ್ಡನ್ಸ್‌ಗೆ ತಂದರು. 1907ರಿಂದ 1933ರವರೆಗೆ ಅದರ ಅಧ್ಯಕ್ಷೆ ಅನಿ ಬೆಸೆಂಟ್. ಅವರ ಮಗಳು ಮೇಬಲ್ ಬೆಸೆಂಟ್-ಸ್ಕಾಟ್ ಮುಂದೆ ಇಂಗ್ಲೆಂಡಿನ ದಕ್ಷಿಣ ತೀರದ ಕ್ರೈಸ್ಟ್‌ಚರ್ಚ್ ಬಳಿ ಕ್ರೊಟೋನಾ ಫೆಲೋಶಿಪ್ ಎಂಬ ರೋಸಿಕ್ರೂಷಿಯನ್ ಬಳಗದಲ್ಲಿದ್ದರು. ಗಾರ್ಡ್ನರ್ ಅದೇ ಬಳಗಕ್ಕೆ ಬಂದು, ಅಲ್ಲಿ ಪರಿಚಯವಾದ ಕೆಲವರೇ ತನಗೆ 1939ರಲ್ಲಿ ವಿಕ್ಕಾ ದೀಕ್ಷೆ ಕೊಡಿಸಿದರು ಎಂದ. ನಂಟು ಇರುವುದು ಇಷ್ಟೇ. ಇದರಿಂದ ಅಡ್ಯಾರಿನಲ್ಲಿ ವಿಕ್ಕಾ ಹುಟ್ಟಿತು ಎನ್ನಲಾಗದು. ಅಡ್ಯಾರಿನಿಂದ ಹೋದದ್ದು ಹಬ್ಬವಲ್ಲ, ಒಂದು ವಿಚಾರ: ಎಲ್ಲ ಧರ್ಮಗಳ ಬೇರೂ ಒಂದೇ ಪುರಾತನ ಜ್ಞಾನ ಎಂಬುದು. ಆ ತೋಟದಲ್ಲಿ ಹಿಂದೂ ಗುಡಿ, ಬೌದ್ಧ ಮಂದಿರ, ಚರ್ಚು, ಪಾರ್ಸಿಗಳ ಮಂದಿರ, ಮಸೀದಿ ಎಲ್ಲಕ್ಕೂ ಜಾಗ ಸಿಕ್ಕಿದ್ದು ಆ ವಿಚಾರದಿಂದಲೇ. ಐರ್ಲೆಂಡಿನ ಸಾಹಿತ್ಯ ಪುನರುಜ್ಜೀವನದಲ್ಲಿ ಬೆಳೆದ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದದ್ದೂ ಬೆಸೆಂಟರ ಕರೆಯ ಮೇರೆಗೆ. ಕಸಿನ್ಸ್ ಅವರೇ ಮುಂದೆ ಮೈಸೂರಿನಲ್ಲಿ ತರುಣ ಕುವೆಂಪು ಅವರಿಗೆ, ಇಂಗ್ಲಿಷ್ ಬಿಟ್ಟು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದವರು. ಈ ವಿಚಾರಕ್ಕೆ ನಾವು ಋಣಿಗಳು. ಆದರೆ ಬೇರು ಒಂದೇ ಎಂಬ ಗೌರವದ ಮಾತು ಕಾಲಕ್ರಮದಲ್ಲಿ ಹಬ್ಬಗಳೆಲ್ಲ ಒಂದೇ ಎಂಬ ಸೋಮಾರಿತನಕ್ಕೆ ತಿರುಗಿದ್ದೂ ಉಂಟು.

ಆಕಾಶ ಆ ಸೋಮಾರಿತನವನ್ನು ಒಪ್ಪುವುದಿಲ್ಲ. ಯುಗಾದಿ ಚಂದ್ರನ ಲೆಕ್ಕದ ಹಬ್ಬ. 2023ರಲ್ಲಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ವಿಷುವ ಹೀಗೆ ಓಡಾಡುವುದಿಲ್ಲ. ಬಿಸು ಮತ್ತು ಪುತ್ತಾಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ಅವು ಸೌರಮಾನದವು, ಮೇಷ ಸಂಕ್ರಮಣದವು, ಸುಮಾರು 1,700 ವರ್ಷ ಹಿಂದೆ ನಿಜವಾಗಿಯೂ ವಿಷುವದ ದಿನಕ್ಕೇ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ಮೆಲ್ಲಗೆ ಓಲಾಡುತ್ತ ಸುಮಾರು 25,800 ವರ್ಷಕ್ಕೊಂದು ಸುತ್ತು ಮುಗಿಸುವುದರಿಂದ, ನಕ್ಷತ್ರಗಳನ್ನು ನೆಚ್ಚಿದ ನಮ್ಮ ಸಂಕ್ರಮಣ ವಿಷುವದಿಂದ ಪ್ರತಿ 72 ವರ್ಷಕ್ಕೆ ಸುಮಾರು ಒಂದು ದಿನದಂತೆ ದೂರ ಸರಿದು, ಈಗ ಮೂರೂವರೆ ವಾರದ ಅಂತರ ಬಿದ್ದಿದೆ. ಇದನ್ನು ಸರಿಪಡಿಸಲೆಂದೇ ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ವಿಷುವದ ಮರುದಿನದಿಂದ ವರ್ಷ ಆರಂಭಿಸುವ ರಾಷ್ಟ್ರೀಯ ಪಂಚಾಂಗವನ್ನು ಸೂಚಿಸಿತು. ಅದು 1957ರ ಮಾರ್ಚ್ 22ರಂದು ಜಾರಿಗೆ ಬಂತು. ಸರ್ಕಾರಿ ಗೆಜೆಟ್ಟಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು, ಮನೆಗಳಲ್ಲಿ ಸಿಗಲಿಲ್ಲ. ವಿಷುವದ ಕ್ಷಣವನ್ನೇ ಹಿಡಿದು ಹೊಸ ವರ್ಷ ಮಾಡುವ ಹಳೆಯ ಹಬ್ಬ ಬೇಕೆಂದರೆ ಇರಾನಿನ ನೌರೋಜ್ ಇದೆ. ಆ ಪರಂಪರೆಗೆ ಬರಹದ ಸಾಕ್ಷ್ಯವೂ ಇದೆ.

ವಿಷುವದಂದು ಹಗಲೂ ರಾತ್ರಿಯೂ ಸರಿಸಮ ಎಂಬುದು ಶಾಲೆಯಲ್ಲೇ ಕಲಿತ ಮಾತು. ಅದೂ ಪೂರ್ತಿ ನಿಜವಲ್ಲ. ಸೂರ್ಯ ಬಿಂದುವಲ್ಲ, ಬಿಂಬ. ಅದರ ಮೇಲಂಚು ಕಂಡೊಡನೆ ಸೂರ್ಯೋದಯ ಎನ್ನುತ್ತೇವೆ. ಜೊತೆಗೆ ವಾತಾವರಣ ಬೆಳಕನ್ನು ಬಾಗಿಸಿ ದಿಗಂತದ ಕೆಳಗಿರುವ ಸೂರ್ಯನನ್ನೂ ತೋರಿಸುತ್ತದೆ. ಹಾಗಾಗಿ ಮಾರ್ಚ್ 20ರಂದು ಅಡ್ಯಾರಿನ ಕಡಲ ತೀರದಲ್ಲಿ ಹಗಲು ಸುಮಾರು 12 ಗಂಟೆ 7 ನಿಮಿಷ. ಎರಡೂ ಸಮವಾಗುವುದು ಅಲ್ಲಿ ಮಾರ್ಚ್ 11ರ ಹೊತ್ತಿಗೆ, ಲಂಡನ್ನಿನಲ್ಲಿ 17ರ ಹೊತ್ತಿಗೆ. ಸೂರ್ಯ ನೆತ್ತಿಯ ಮೇಲೆ ಬರುವುದೂ ಅಂದಲ್ಲ. ಚೆನ್ನೈ, ಬೆಂಗಳೂರುಗಳಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ. ವಿಷುವದಂದು ಮಾತ್ರ ಮೊಟ್ಟೆ ನೆಟ್ಟಗೆ ನಿಲ್ಲುತ್ತದೆ ಎಂಬುದಂತೂ ತೀರ ಈಚಿನದು. 1945ರಲ್ಲಿ ‘ಲೈಫ್’ ಪತ್ರಿಕೆ ಚೀನಾದಿಂದ ವರದಿ ಮಾಡಿದ ಆಟ ಅದು, ಅಲ್ಲಿ ಆಡುತ್ತಿದ್ದದ್ದು ಫೆಬ್ರವರಿಯಲ್ಲಿ. ತಾಳ್ಮೆಯಿದ್ದರೆ ಯಾವ ದಿನವಾದರೂ ಮೊಟ್ಟೆ ನಿಲ್ಲುತ್ತದೆ.

ಹೊಸದಾದರೆ ಆ ಹಬ್ಬ ಸುಳ್ಳೇ ಎಂದು ಕೇಳಬಹುದು. ಖಂಡಿತ ಅಲ್ಲ. ಬೀದಿಯಲ್ಲಿ ಗಣಪತಿ ಕೂರಿಸುವ ಪದ್ಧತಿ ತಿಲಕರಿಂದ ಬಲ ಪಡೆದದ್ದು 1893ರಲ್ಲಿ. ಅದರ ಭಕ್ತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆಸ್ಟ್ರೇಲಿಯದ ಪೇಗನ್ನರು ತಮ್ಮ ವಸಂತ ಬರುವುದು ಸೆಪ್ಟೆಂಬರಿನಲ್ಲಿ ಎಂದು ಒಸ್ಟಾರಾವನ್ನೂ ಆಗಲೇ ಮಾಡುತ್ತಾರೆ. ತಮ್ಮ ನೆಲದ ಋತುವಿಗೆ ಹಬ್ಬವನ್ನು ಹೊಂದಿಸಿಕೊಳ್ಳುವ ಆ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ಆಕ್ಷೇಪ ಇರುವುದು ಇಲ್ಲದ ವಯಸ್ಸನ್ನು ಹೇಳಿಕೊಳ್ಳುವುದಕ್ಕೆ, ಒಬ್ಬರ ಹಬ್ಬವನ್ನು ಇನ್ನೊಬ್ಬರದರಲ್ಲಿ ಕರಗಿಸುವುದಕ್ಕೆ. ಮುಂದಿನ ಮಾರ್ಚಿನಲ್ಲಿ ಆ ಸಂದೇಶ ಬಂದಾಗ ಬೇರೆಯವರಿಗೆ ಕಳಿಸುವ ಮೊದಲು ಗೋಡೆಯ ಮೇಲಿನ ಪಂಚಾಂಗವನ್ನೊಮ್ಮೆ ನೋಡಿ. ವಿಷುವ, ಯುಗಾದಿ, ಬಿಸು ಅಲ್ಲಿ ಬೇರೆ ಬೇರೆ ಮನೆಗಳಲ್ಲೇ ಇರುತ್ತವೆ.