ಪ್ರಳಯದ ಮಾರನೆಯ ದಿನ

ಲೋಕ ಅಳಿಯುವ ಕಥೆ ನಮಗೆ ಹೊಸದಲ್ಲ. ನಮ್ಮ ಪುರಾಣಗಳಲ್ಲಿ ಅದು ಎಷ್ಟೋ ಸಲ ಮುಳುಗಿದೆ, ಎಷ್ಟೋ ಸಲ ಎದ್ದಿದೆ. ಅಳಿದ ಲೋಕದಲ್ಲಿ ಉಳಿದವನು ಏನನ್ನು ಉಂಡ, ಯಾರಿಗಾಗಿ ಅತ್ತ, ಮಾರನೆಯ ಬೆಳಗ್ಗೆ ಎದ್ದು ಏನು ಮಾಡಿದ ಎಂಬುದೇ ಇಂಥ ಕಥೆಯ ಜೀವಾಳ. ನಾಗ್ ಅಶ್ವಿನ್ ನಿರ್ದೇಶಿಸಿದ ‘ಕಲ್ಕಿ 2898 ಎ.ಡಿ.’ ಎಂಬ ತೆಲುಗು ಚಿತ್ರವು 2024ರ ಜೂನ್ 27ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಿತು. ಅದನ್ನು ನಾನು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಿದೆ. ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳಿಂದ ಬರುವ ನನ್ನ ವಿದ್ಯಾರ್ಥಿಗಳು ಅದನ್ನು ಮನಸಾರೆ ಮೆಚ್ಚಿದರು. ಹಣಗಳಿಕೆಯಲ್ಲಿಯೂ ಅದು ಗೆದ್ದಿತು. ನನಗೆ ಮಾತ್ರ ನಿರಾಶೆಯಾಯಿತು. ಕಾರಣವನ್ನು ಹೇಳದೆ ನಿರಾಶೆಯನ್ನು ಮಾತ್ರ ಹೇಳುವುದು ಅಧ್ಯಾಪಕನಿಗೆ ಶೋಭಿಸದು.

ಚಿತ್ರದ ಕಲ್ಪನೆ ಸಣ್ಣದಲ್ಲ. ಕುರುಕ್ಷೇತ್ರದಲ್ಲಿ ಉತ್ತರೆಯ ಗರ್ಭಕ್ಕೆ ಅಸ್ತ್ರವನ್ನೆಸೆದ ಅಶ್ವತ್ಥಾಮನು ಕೃಷ್ಣನ ಶಾಪದಿಂದ ಸಾವಿಲ್ಲದೆ ಅಲೆಯುತ್ತಾನೆ. ಸಹಸ್ರಾರು ವರ್ಷಗಳ ಮೇಲೆ ಗಂಗೆ ಬತ್ತಿದೆ. ಭೂಮಿಯ ಮೇಲೆ ಉಳಿದಿರುವ ಕಡೆಯ ನಗರ ಕಾಶಿ. ಅದರ ನೆತ್ತಿಯ ಮೇಲೆ ತಲೆಕೆಳಗಾದ ಗೋಪುರದಂತೆ ನಿಂತ ‘ಕಾಂಪ್ಲೆಕ್ಸ್’ ನೆಲದ ಸಾರವನ್ನೆಲ್ಲ ಹೀರಿ ತಾನೊಂದೇ ಹಸಿರಾಗಿದೆ. ಅಲ್ಲಿಂದ ತಪ್ಪಿಸಿಕೊಂಡು ಬಂದ ಗರ್ಭಿಣಿಯನ್ನು ಕಾಯುವ ಹೊಣೆ ಅಶ್ವತ್ಥಾಮನದು. ಅಂದು ಒಂದು ಗರ್ಭವನ್ನು ಕೊಲ್ಲಹೋದವನು ಇಂದು ಇನ್ನೊಂದನ್ನು ಕಾಯಬೇಕು. ಇದು ಮಹಾಕವಿಯೂ ಕೈಯೊಡ್ಡಿ ಸ್ವೀಕರಿಸಬಹುದಾದ ವಸ್ತು. ಅಮಿತಾಭ್ ಬಚ್ಚನ್ನರ ಮುಖದಲ್ಲಿ ಆ ಭಾರ ಕ್ಷಣಕಾಲ ಕಾಣುತ್ತದೆ ಕೂಡ.

ಆದರೆ ಚಿತ್ರಕ್ಕೆ ನಿಲ್ಲುವ ವ್ಯವಧಾನವಿಲ್ಲ. ಬತ್ತಿದ ಗಂಗೆ ಪರದೆಯ ಹಿಂದಣ ಚಿತ್ರವಾಗಿ ಉಳಿಯುತ್ತದೆ. ಬಾಯಾರಿಕೆ ಕಥೆಯನ್ನು ನಡೆಸುವುದಿಲ್ಲ. ನಾಯಕನ ಮಾತಾಡುವ ವಾಹನ, ಹಾಸ್ಯ, ಕಾದಾಟದ ಮೇಲೆ ಕಾದಾಟ, ಇವುಗಳ ಗದ್ದಲದಲ್ಲಿ ಹಸಿದವರು ಬರಿಯ ಗುಂಪಾಗಿಬಿಡುತ್ತಾರೆ. ಕಡೆಗೆ ಕಥೆಯೂ ಮುಗಿಯದೆ ಮುಂದಿನ ಭಾಗದ ಕಡೆಗೆ ಕೈತೋರಿಸಿ ನಿಲ್ಲುತ್ತದೆ.

ಇಲ್ಲಿ ರನ್ನನ ನೆನಪಾಗುವುದು ಸಹಜ. ‘ಗದಾಯುದ್ಧ’ದ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ದಾಟುತ್ತಾನೆ. ಅವನ ಲೋಕ ಅಂದಿಗೆ ಮುಗಿದಿದೆ. ಆದರೂ ಅವನು ಓಡುವುದಿಲ್ಲ. ದ್ರೋಣನ ಬಳಿ ನಿಲ್ಲುತ್ತಾನೆ, ದುಶ್ಶಾಸನನ ಬಳಿ ನಿಲ್ಲುತ್ತಾನೆ, ಕರ್ಣನ ಬಳಿ ನಿಂತು ಕರಗಿಹೋಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವನ್ನು ಕಂಡು ಕೈಮುಗಿಯುವಷ್ಟು ದೊಡ್ಡವನಾಗುತ್ತಾನೆ. ಹತ್ತನೆಯ ಶತಮಾನದ ಕವಿಗೆ ಯಂತ್ರದ ನೆರವಿರಲಿಲ್ಲ. ಸತ್ತವರಿಗೆ ಹೆಸರಿದೆ ಎಂಬ ಅರಿವಿತ್ತು. 1929ರಲ್ಲಿ ಸೋಫೋಕ್ಲೀಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿದ ಬಿ.ಎಂ.ಶ್ರೀ. ಅವರೂ ಅದೇ ವೀರನಲ್ಲಿ ಕಂಡದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಮಾನಭಂಗದ ಉರಿಯನ್ನು.

ಕಾವ್ಯದ ಮಾತು ಇರಲಿ. ನಮ್ಮ ನೆಲವೇ ಒಂದು ಪ್ರಳಯವನ್ನು ಕಂಡಿದೆ. ಧಾತು, ಈಶ್ವರ ಸಂವತ್ಸರಗಳ ಬರಗಾಲ, ಎಂದರೆ 1876ರಿಂದ 78ರವರೆಗಿನ ಆ ಕ್ಷಾಮ, ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಇಂಥ ದಿನಗಳಿಗೆಂದೇ ಬಯಲುಸೀಮೆಯ ರೈತನು ನೆಲದೊಳಗೆ ಹಗೇವು ತೋಡಿ ರಾಗಿಯನ್ನು ತುಂಬಿ ಬಾಯಿ ಮುಚ್ಚುತ್ತಿದ್ದನು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದನ್ನು ತೆರೆದೊಡನೆ ಒಳಗಿಳಿಯುವಂತಿರಲಿಲ್ಲ. ಒಳಗೆ ಕಟ್ಟಿದ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ದೀಪವನ್ನಿಳಿಸಿ ನೋಡಬೇಕು. ದೀಪ ಆರಿದರೆ ಇಳಿದವನೂ ಆರಿದನೆಂದೇ ಅರ್ಥ. ಹಸಿದ ಮಕ್ಕಳು ಮೇಲೆ, ಅನ್ನ ಕೆಳಗೆ, ನಡುವೆ ಒಂದು ಹಣತೆ! ಇದಕ್ಕಿಂತ ಮೈನವಿರೇಳಿಸುವ ಸಾಹಸ ಯಾವ ಚಿತ್ರದಲ್ಲಿದೆ?

ಮುಂದಿನ ಬರವನ್ನು ಊಹಿಸಲು 2898ರವರೆಗೆ ಹೋಗಬೇಕಾಗಿಯೂ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಸಾಗುವ ಅರ್ಕಾವತಿ ಒಂದು ಕಾಲಕ್ಕೆ ಬೆಂಗಳೂರಿಗೇ ನೀರುಣಿಸಿತು. 1894ರ ಹೆಸರಘಟ್ಟದ ಜಲಾಶಯ ಅದಕ್ಕೆ ಸಾಕ್ಷಿ. ಇಂದು ಆ ನದಿ ವರ್ಷದ ಬಹುಕಾಲ ಒಣಹಳ್ಳ. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ನೆಲದ ಸಾರವನ್ನು ಹೀರುವ ಮಹಾನಗರದ ಪಕ್ಕದಲ್ಲಿ ಬಾಳುವವರಿಗೆ ‘ಕಾಂಪ್ಲೆಕ್ಸ್’ ಎಂಬುದು ಕೇವಲ ಕಲ್ಪನೆಯಾಗಿ ತೋರೀತೆ? ಚಿತ್ರ ಮುಟ್ಟಿ ಬಿಟ್ಟುಹೋದ ಸತ್ಯ ಇದೇ.

ಆದಕಾರಣ ವಿದ್ಯಾರ್ಥಿಗಳು ಈ ಚಿತ್ರವನ್ನು ನೋಡಬಾರದೆಂದು ನಾನು ಹೇಳಲಾರೆ. ನೋಡಲಿ, ನೋಡಿ ಬಂದು ರನ್ನನನ್ನು ಓದಲಿ. ಊರಿನ ಹಿರಿಯರ ಬಳಿ ಕುಳಿತು ಹಗೇವು ಎಲ್ಲಿತ್ತು, ಕೆರೆಯ ಕೋಡಿ ಕಡೆಯ ಸಲ ಬಿದ್ದದ್ದು ಯಾವಾಗ ಎಂದು ಕೇಳಿ ಬರೆದಿಡಲಿ. ಆ ತಿಳಿವಳಿಕೆಯನ್ನು ಬಲ್ಲವರು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ.